ಪಕ್ಕದ ಮನೆಯವರ ಕೋಳಿ

ಆ ಕೋಳಿ ನಮ್ಮದಾಗಿರಲಿಲ್ಲ. ಇಸಳೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಹಾವೇರಿ ಕಡೆಯ ಗಂಡಹೆಂಡತಿ ಬಾಡಿಗೆಗೆ ಇದ್ದರು. ಅವನಿಗೆ ವರ್ಗವಾಗಿ, ಸಾಮಾನು ತುಂಬಿದ ಗಾಡಿ ಇನ್ನೇನು ಹೊರಡಬೇಕು ಎನ್ನುವಾಗ ಆಕೆ ಕಂಪೌಂಡಿನ ಮೇಲಿಂದ ಕಂದು ಬಣ್ಣದ ಹೇಂಟೆಯೊಂದನ್ನು ನನ್ನ ಕೈಗೆ ದಾಟಿಸಿದಳು.

"ಒಂದ್ ವಾರ ನೋಡ್ಕೊಳ್ರಿ ಅಕ್ಕಾರ. ಮನಿ ಹೊಂದಿಸ್ಕೊಂಡು ಬಂದು ಒಯ್ತೀನಿ. ಯಾರಿಗೂ ಕೊಯ್ಯಾಕ ಮಾತ್ರ ಕೊಡಬ್ಯಾಡ್ರಿ."

ನಾನು ಆಯ್ತು ಎಂದೆ. ಗಾಡಿ ಹೊರಟಿದ್ದರಿಂದ ಬೇರೆ ಏನು ಹೇಳಲೂ ಪುರುಸೊತ್ತಿರಲಿಲ್ಲ. ಆಮೇಲೆ ಅವಳು ಬರಲಿಲ್ಲ. ಮೊದಮೊದಲು ಫೋನು ಎತ್ತುತ್ತಿದ್ದಳು, ನಂತರ ಅದೂ ನಿಂತಿತು.

ನಮ್ಮದು ಮೊಟ್ಟೆಯ ಸಿಪ್ಪೆಯೂ ಒಳಗೆ ಬರದ ಮನೆ. ಅತ್ತೆ ಮಡಿ ಮಾಡುವವರು. ಕೋಳಿಯನ್ನು ಅವರು ಬೈಯಲಿಲ್ಲ, ಓಡಿಸಲಿಲ್ಲ. ಅದು ಅಂಗಳದಲ್ಲಿ ಇದೆ ಎಂಬುದನ್ನೇ ಒಪ್ಪಲಿಲ್ಲ. ಹಿತ್ತಿಲಿನ ಕಟ್ಟಿಗೆ ಕೊಟ್ಟಿಗೆಯಲ್ಲಿ ಅದಕ್ಕೆ ಜಾಗ ಮಾಡಿದೆ. ಅದು ಇಟ್ಟ ಮೊಟ್ಟೆಯನ್ನು ಹಾಲು ತರುವವಳು ಸೆರಗಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದಳು. ನನ್ನ ಗಂಡನ ಕೆಲಸ ಅರಬೈಲ್ ಕಡೆ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಉಳಿದ ದಿನಗಳಲ್ಲಿ ಮನೆಯಲ್ಲಿ ಅತ್ತೆ, ನಾನು. ಅತ್ತೆ ಕಡಿಮೆ ಮಾತಿನವರು. ಬಟ್ಟೆ ಒಣಗಿಸುವಾಗ ಕೊಕ್ ಕೊಕ್ ಎನ್ನುತ್ತ ನನ್ನ ಹಿಂದೆಯೇ ಬರುವ ಅದರೊಂದಿಗೆ ನಾನು ಮಾತಾಡುವುದು ರೂಢಿಯಾಯಿತು. ಯಾರಾದರೂ ಕೇಳಿಸಿಕೊಂಡಿದ್ದರೆ ನಾಚಿಕೆಯಾಗುತ್ತಿತ್ತು.

ಕಾರ್ತಿಕದಲ್ಲಿ ಸೋಂದಾ ಕಡೆಯ ಒಂದು ಶಾಲೆಯಿಂದ ನನಗೆ ಕರೆ ಬಂತು. ಕನ್ನಡ ಪಾಠ ಮಾಡುವವರು ಬಿಟ್ಟುಹೋಗಿದ್ದರಂತೆ, ಸೋಮವಾರದಿಂದಲೇ ಬರಬೇಕಂತೆ. ಮದುವೆಗೆ ಮುಂಚೆ ಸಿದ್ದಾಪುರದಲ್ಲಿ ಪಾಠ ಮಾಡಿದ್ದೆ. ಮತ್ತೆ ಕೆಲಸಕ್ಕೆ ಹೋಗಬೇಕೆಂದು ಎಷ್ಟೋ ವರ್ಷದಿಂದ ಒಳಗೇ ಅಂದುಕೊಳ್ಳುತ್ತಿದ್ದವಳು. ಫೋನು ಇಟ್ಟ ಮೇಲೆ ಬೀರು ತೆಗೆದು ಕಾಟನ್ ಸೀರೆಗಳನ್ನು ಹಾಸಿಗೆಯ ಮೇಲೆ ಹರಡಿ ಕೂತಿದ್ದೆ.

ಗುರುವಾರ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದರೆ ಕೋಳಿ ಹೊರಗೆ ಬರಲಿಲ್ಲ. ಮೂಲೆಯಲ್ಲಿ ಮಗ್ಗುಲಾಗಿ ಬಿದ್ದಿತ್ತು. ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿಕೊಂಡಿತ್ತು. ಎತ್ತಿ ನಿಲ್ಲಿಸಿದರೆ ಕುಸಿಯಿತು. ಹಿಂದಿನ ಸಂಜೆ ಅಂಗಳವಿಡೀ ಕೆದಕಿದ ಕೋಳಿ! ಅಕ್ಕಿ ಹಾಕಿದೆ, ನೋಡಲಿಲ್ಲ. ಕಣ್ಣು ಅರ್ಧ ಮುಚ್ಚಿ ನನ್ನ ಅಂಗೈಯಲ್ಲಿ ತಲೆ ಇಟ್ಟಿತು. ಬೆಚ್ಚಗಿತ್ತು, ಅಷ್ಟೇ.

ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಪಂಚೆ ಹಾಸಿ, ಅದನ್ನು ಮಲಗಿಸಿ, ಶಿರಸಿಯ ಬಸ್ಸು ಹತ್ತಿದೆ. ಪರಿಚಯದ ಹೆಂಗಸೊಬ್ಬರು ಪೆಟ್ಟಿಗೆಯೊಳಗೆ ಇಣುಕಿ, "ನಿಮ್ಮ ಮನೆಲೂ ಶುರುವಾತಾ?" ಎಂದು ನಕ್ಕರು. ನಾವೂ ಕೋಳಿ ತಿನ್ನತೊಡಗಿದೆವು ಎಂದುಕೊಂಡಿದ್ದರು; ನಾನು ಪಂಚೆಯ ಅಂಚನ್ನು ಕೋಳಿಯ ಮೇಲೆ ಎಳೆದೆ.

ಪಶು ಆಸ್ಪತ್ರೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಪಾದ ತಿರುಗಿಸಿ ನೋಡಿದರು.

"ಮೊಟ್ಟೆ ಸಿಕ್ಕಿಕೊಂಡಿಲ್ಲ. ಗಾಯವೂ ಇಲ್ಲ. ನರದ ತೊಂದರೆ ಇರಬೇಕು. ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಮೇಡಂ."

"ಏನೂ ಮಾಡಲಿಕ್ಕೆ ಬರುವುದಿಲ್ಲವಾ?"

"ವಿಟಮಿನ್ ಡ್ರಾಪ್ಸ್ ಕೊಡ್ತೇನೆ. ಆಗಾಗ ನೀರು ಕುಡಿಸಬೇಕು, ಮಗ್ಗುಲು ಬದಲಿಸಬೇಕು. ದಿನವಿಡೀ ಯಾರಾದರೂ ಹತ್ತಿರ ಇದ್ದರೆ ಬದುಕಿದರೂ ಬದುಕೀತು. ಹಾಗೇ ಬಿಟ್ಟರೆ ಒಂದೆರಡು ದಿನ."

ದಿನವಿಡೀ ಹತ್ತಿರ ಇರುವುದು ಯಾರು? ವಾಪಸು ಬರುವಾಗ ಬಸ್ಸಿನಲ್ಲಿ ಅದೊಂದೇ ಯೋಚನೆ.

ಚಳಿಯೆಂದು ಪೆಟ್ಟಿಗೆಯನ್ನು ಬಚ್ಚಲಿಗೆ ತಂದಿಟ್ಟೆ. ಅತ್ತೆ ಬಾಗಿಲಲ್ಲಿ ನಿಂತು, "ಎಂತ ಆಜು ಅದಕ್ಕೆ?" ಎಂದರು. ಅದರ ಬಗ್ಗೆ ಅವರು ಆಡಿದ ಮೊದಲ ಮಾತು ಅದು. ಹೇಳಿದೆ. ಬಗ್ಗಿ ಪೆಟ್ಟಿಗೆಯೊಳಗೆ ನೋಡಿದರು. "ಅಡಿಗೆ ಮನೆ ಕಡೆ ಮಾತ್ರ ತರಡ," ಎಂದು ಎಚ್ಚರಿಸಿ ಹೋದರು.

ಅಂದಿನಿಂದ ನನ್ನ ದಿನವೆಲ್ಲ ಬಚ್ಚಲಿನ ಸುತ್ತ ಕಟ್ಟಿಹೋಯಿತು. ಔಷಧಿಯ ಫಿಲ್ಲರಿನಲ್ಲಿ ಕೊಕ್ಕಿನ ಅಂಚಿಗೆ ನೀರು ಬಿಡುವುದು, ಅನ್ನವನ್ನು ಮೊಸರಿನಲ್ಲಿ ಕಿವುಚಿ ಬೆರಳಿನಿಂದ ತಿನ್ನಿಸುವುದು, ಮಗ್ಗುಲು ಬದಲಿಸುವುದು, ಹಿಕ್ಕೆ ಒರೆಸುವುದು. ಮುಟ್ಟಿದ ಕೈಯಲ್ಲಿ ಒಲೆಯ ಹತ್ತಿರ ಹೋಗುವಂತಿಲ್ಲ. ಹಾಗಾಗಿ ಮತ್ತೆ ಸ್ನಾನ, ಮತ್ತೆ ಅಡಿಗೆ, ಮತ್ತೆ ಕೋಳಿ. ಸ್ವಲ್ಪ ತಡವಾದರೆ ಇರುವೆ ಮುತ್ತುತ್ತಿದ್ದವು. ಒಮ್ಮೆ ಅದರ ಕಣ್ಣಿನ ಸುತ್ತಲೇ ಹರಿದಾಡುತ್ತಿದ್ದವು. ಒಂದೊಂದಾಗಿ ಬಿಡಿಸುತ್ತ ನಾನು ಅತ್ತುಬಿಟ್ಟೆ. ಕೋಳಿಗಾಗಿ ಅತ್ತೆನೋ ನನಗಾಗಿಯೋ ಈಗಲೂ ಸರಿಯಾಗಿ ಹೇಳಲಾರೆ.

ಆ ವಾರ ಗಂಡನಿಗೆ ಮನೆಗೆ ಬರಲಾಗುವಂತಿರಲಿಲ್ಲ, ಫೋನಿನಲ್ಲಿ ಹೇಳಿದೆ. "ಯಾರಿಗಾದ್ರೂ ಕೊಟ್ಟುಬಿಡು ಮಾರಾಯ್ತಿ," ಎಂದರು.

"ಯಾರಿಗೆ ಕೊಟ್ಟರೂ ಸಾಯಂಕಾಲಕ್ಕೆ ಸಾರು ಮಾಡ್ತಾರೆ."

"ಅದು ಹೇಗೂ ಸಾಯ್ತಲೇ. ಅದಕ್ಕಾಗಿ ಶಾಲೆ ಬಿಡ್ತ್ಯಾ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಪೆಟ್ಟಿಗೆಯ ಮುಂದೆ ಕೂತವಳು ನಾನು. ನನ್ನ ಹೆಜ್ಜೆ ಸದ್ದಿಗೆ ಅದು ಕತ್ತು ಎತ್ತಲು ನೋಡುತ್ತಿತ್ತು, ಆಗದೆ ಮತ್ತೆ ಇಳಿಸುತ್ತಿತ್ತು. ಸತ್ತರೆ ಬಿಡುಗಡೆ ಎಂದು ಒಂದು ಗಳಿಗೆ ಅನ್ನಿಸುತ್ತಿತ್ತು. ಮರುಗಳಿಗೆ ಉಸಿರಾಡುತ್ತಿದೆಯೇ ಎಂದು ಬಗ್ಗಿ ನೋಡುತ್ತಿದ್ದೆ. ಬಚ್ಚಲ ಕಿಂಡಿಯಿಂದ ರಸ್ತೆ ಕಾಣುತ್ತದೆ. ಸೋಂದಾ ಕಡೆ ಕೆಲಸಕ್ಕೆ ಹೋಗುವವರ ಬೈಕುಗಳು ಸದ್ದು ಮಾಡುತ್ತ ಹೋಗುತ್ತಿದ್ದವು.

ಶನಿವಾರ ಶಾಲೆಗೆ ಫೋನು ಮಾಡಿ ಒಂದು ವಾರದ ಅವಕಾಶ ಕೇಳಿದೆ. ಮನೆಯಲ್ಲಿ ಹುಷಾರಿಲ್ಲ ಎಂದೆ. ಯಾರಿಗೆ ಎಂದು ಮುಖ್ಯೋಪಾಧ್ಯಾಯಿನಿ ಕೇಳಿದಾಗ, ಒಂದೇ ವಾರ ಸಾಕು ಎಂದು ಮತ್ತೆ ಹೇಳಿದೆ. "ಪರೀಕ್ಷೆ ಹತ್ತಿರ ಬಂತು, ಕಾಯೋದು ಕಷ್ಟ," ಎಂದರು. ಒರಟಾಗಿ ಹೇಳಲಿಲ್ಲ. ಬುಧವಾರ ಬೇರೆ ಯಾರನ್ನೋ ತೆಗೆದುಕೊಂಡ ಸುದ್ದಿ ಬಂತು. ಶಾಲೆಗೆಂದು ಆರಿಸಿ ಹೊರಗಿಟ್ಟಿದ್ದ ಸೀರೆಗಳನ್ನು ಮತ್ತೆ ಬೀರುವಿಗೆ ಸೇರಿಸಿದೆ.

ಆ ಸಂಜೆ ಬಚ್ಚಲಿಗೆ ಹೋದರೆ ಪೆಟ್ಟಿಗೆಯ ಪಕ್ಕದಲ್ಲಿ ಅತ್ತೆ ಮಣೆ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಫಿಲ್ಲರು. ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿಕೊಂಡು, ಇನ್ನೊಂದು ಕೈಯಲ್ಲಿ ಕೋಳಿಯ ಕತ್ತು ಹಿಡಿದು ನೀರು ಬಿಡುತ್ತಿದ್ದರು.

"ಹೆಂಗೂ ಸ್ನಾನಕ್ಕೆ ಹೊರಟಿದ್ನಲೆ," ಎಂದರು ನನ್ನ ಕಡೆ ನೋಡದೆ. ಫಿಲ್ಲರಿಗೆ ಮತ್ತೆ ನೀರು ತುಂಬಿಕೊಂಡು, "ಶಾಲೆ ವಿಷಯ ತಮ್ಮ ಈಗ ಫೋನಲ್ಲಿ ಹೇಳಿದ. ಎನ್ನತ್ರ ಒಂದು ಮಾತು ಹೇಳಿದ್ರೆ ಆನು ನೋಡ್ಕತ್ತಿದ್ನಲೆ, ತಂಗಿ," ಎಂದರು.

ತಮ್ಮ ಎಂದರೆ ನನ್ನ ಗಂಡ, ಅವರ ಮಗ; ತಂಗಿ ಎಂದರೆ ನಾನು. ಕೆಲಸದ ವಿಷಯ ಅತ್ತೆಗೆ ನಾನು ಹೇಳಿಯೇ ಇರಲಿಲ್ಲ. ಬೇಡ ಎನ್ನುತ್ತಾರೆ ಎಂದು ನಾನೇ ತೀರ್ಮಾನಿಸಿ, ಹೊರಡುವ ಹಿಂದಿನ ದಿನ ಹೇಳಿದರಾಯಿತು ಎಂದುಕೊಂಡಿದ್ದೆ. ಕೋಳಿ ಮುಟ್ಟುವುದಿಲ್ಲ ಎಂದೂ ಅವರು ಬಾಯಿಬಿಟ್ಟು ಹೇಳಿದ್ದು ನೆನಪಿಲ್ಲ. ಮೊದಲೇ ಕೇಳಿದ್ದರೆ ನಿಜವಾಗಿ ಹೂಂ ಎನ್ನುತ್ತಿದ್ದರೇ? ಅಥವಾ ಕೆಲಸ ಕೈತಪ್ಪಿದ ಮೇಲೆ ಹೇಳುವುದು ಸುಲಭವಾಯಿತೇ? ಸಿಟ್ಟೂ ಬಂತು, ಅವರ ಒದ್ದೆ ಸೆರಗು ಕಂಡು ಸಿಟ್ಟು ಪೂರ್ತಿ ಬರಲೂ ಇಲ್ಲ. ಅಲ್ಲೇ ಗೋಡೆಗೆ ಒರಗಿದೆ.

ಕೋಳಿ ಬದುಕಿತು. ಬಲಗಾಲು ಪೂರ್ತಿ ಸರಿಹೋಗಲಿಲ್ಲ. ರೆಕ್ಕೆಯನ್ನು ನೆಲಕ್ಕೆ ಊರಿ ಕುಪ್ಪಳಿಸುತ್ತ ಅಂಗಳ ದಾಟುತ್ತದೆ. ಮೊಟ್ಟೆ ಇಡುವುದನ್ನು ಬಿಟ್ಟಿದೆ. ಡಾಕ್ಟರಿಗೆ ತೋರಿಸಿದಾಗ ಅವರಿಗೇ ಆಶ್ಚರ್ಯ. ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಅದಕ್ಕೆ ಕಾಳು ಹಾಕುವುದು ಈಗ ಅತ್ತೆಯ ಕೆಲಸ. ಬಂದವರು ಕೇಳಿದರೆ ಮಾತ್ರ, "ಅದು ನಮ್ಮದಲ್ಲ," ಎನ್ನುತ್ತಾರೆ.

ಆ ಶಾಲೆಯಿಂದ ಮತ್ತೆ ಕರೆ ಬಂದಿಲ್ಲ. ಬೇರೆ ಒಂದೆರಡು ಕಡೆ ಅರ್ಜಿ ಹಾಕಿದ್ದೇನೆ. ಈ ಸಲ ಹಾಕುವ ಮೊದಲು ಅತ್ತೆಗೆ ಹೇಳಿದೆ. ಅವರು ಅಡಿಕೆ ಕತ್ತರಿಸುತ್ತಿದ್ದವರು ತಲೆ ಎತ್ತಿ, "ಬಸ್ಸು ಎಷ್ಟು ಗಂಟೆಗಡ?" ಎಂದು ಕೇಳಿದರು. ಅಷ್ಟೇ ಕೇಳಿದರು. ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.