ಹಳದಿ ಚೀಟಿಯ ಸಾಹೇಬರೂ ಅವರ ಎರಡನೆಯ ಕಾರೂ

ಸ್ಪೋರ್ಟ್ಸ್ ಕಾರುಗಳ ವಿನ್ಯಾಸಕರಲ್ಲಿ ವೇಗವನ್ನು ಆರಾಧಿಸುವವರು ಹಲವರುಂಟು. ಆ ವೇಗದಲ್ಲಿ ಕುಳಿತವರ ಬೆನ್ನಿನ ಯೋಗಕ್ಷೇಮ ವಿಚಾರಿಸುವವರು ವಿರಳ. ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮುಖ್ಯ ವಿನ್ಯಾಸಕರಾದ ಸಾಹೇಬರು ಎರಡನೆಯ ಪಂಗಡದವರು. ಅವರನ್ನು ಆ ಪಂಗಡಕ್ಕೆ ಸೇರಿಸಿದವರು ಅವರ ಶ್ರೀಮತಿಯವರು ಎಂಬುದನ್ನು ಇಲ್ಲಿ ದಾಖಲಿಸದಿದ್ದರೆ ಅನ್ಯಾಯವಾದೀತು.

ಬಾಗಿಲ ಕೀಲುಗಳ ನಕ್ಷೆ ಬರೆಯುತ್ತ ಸೇವೆ ಆರಂಭಿಸಿದ ಅವರು ಸೇವೆಯ ಹನ್ನೊಂದನೆಯ ವರ್ಷದಲ್ಲಿ ತಮ್ಮ ಮೊದಲ ಕಾರನ್ನು ರೂಪಿಸಿದರು. ಅದರ ನೀಳವಾದ ಮೂತಿಗೆ ಊರೇ ಮರುಳಾಯಿತು. ತಪ್ಪು ಕಂಡಲ್ಲಿ ಹಳದಿ ಚೀಟಿ ಅಂಟಿಸುವುದು ಅವರ ಪದ್ಧತಿ. ಒಮ್ಮೆ ಕಿರಿಯ ನಕ್ಷೆಗಾರ್ತಿಯೊಬ್ಬಳು ಕನ್ನಡಿಯ ಅಳತೆ ತಪ್ಪಿದಾಗ, ಆಡಳಿತದವರು ಬರುವ ಮುನ್ನವೇ ನಕ್ಷೆಯ ಮೇಲೆ ಅವರ ಚೀಟಿಯಿತ್ತು: "ತಪ್ಪು ನನ್ನದು. ನೋಡದೆ ಸಹಿ ಹಾಕಿದೆ." ಆದರೆ ಅವರ ಕಾರಿನ ಮೇಲೆ ಚೀಟಿ ಅಂಟಿಸುವ ಧೈರ್ಯ ಇಪ್ಪತ್ತು ವರ್ಷ ಯಾರಿಗೂ ಬರಲಿಲ್ಲ.

ಎರಡು ವರ್ಷಗಳ ಹಿಂದೆ ಅದೇ ಕಾರಿಗೆ ಹೊಸ ರೂಪ ಕೊಡುವ ಹೊಣೆ ಅವರಿಗೇ ಬಂತು. ಎಂಜಿನ್ ಬದಲಿಸಬಹುದು, ಮೂತಿಯನ್ನು ಮುಟ್ಟಕೂಡದು ಎಂದು ಸಾಹೇಬರು ಅಪ್ಪಣೆ ಕೊಡಿಸಿದರು. ಸೋಮವಾರ ಅಂತಿಮ ಒಪ್ಪಿಗೆಯ ಸಭೆ. ಭಾನುವಾರ, ದಂತವೈದ್ಯೆಯಾದ ಅವರ ಪತ್ನಿ ಮನೆಯಲ್ಲಿದ್ದ ಅದೇ ಹಳೆಯ ಕಾರನ್ನೂ ಒಂದು ಕಟ್ಟು ಚೀಟಿಯನ್ನೂ ತೆಗೆದುಕೊಂಡು ಹೊರಟರು. ಮರಳಿದಾಗ ಕಾರು ಹಳದಿಯಾಗಿತ್ತು.

"ರೀ, ಕಟ್ಟು ಮುಗೀತು. ಇನ್ನೊಂದಿದೆಯಾ?"

"ಇಪ್ಪತ್ತು ವರ್ಷ ಯಾಕೆ ಸುಮ್ಮನಿದ್ದೆ?"

"ನೀವು ಕೇಳಿದ್ದು ಹೇಗಿದೆ ಅಂತ. ಏನು ತಪ್ಪಿದೆ ಅಂತ ಕೇಳಿದ್ರಾ?"

ಸ್ಟೀರಿಂಗ್ ಮೇಲಿನ ಚೀಟಿ ಹೇಳುತ್ತಿತ್ತು: "ಇಲ್ಲಿಂದ ಮೂತಿ ಕಾಣುತ್ತೆ, ರಸ್ತೆ ಕಾಣಲ್ಲ." ಆರಡಿ ಎತ್ತರದ ಸಾಹೇಬರು ಮೊದಲ ಕಾರು ರೂಪಿಸುವಾಗ ಮರದ ಮಾದರಿ ಸೀಟಿನಲ್ಲಿ ತಾವೊಬ್ಬರೇ ಕೂತು ಅಳತೆ ತೆಗೆದಿದ್ದರು. ಐದಡಿಯ ಪತ್ನಿ ಅಷ್ಟು ವರ್ಷವೂ ದಿಂಬಿನ ಮೇಲೆ ಕೂತು ಓಡಿಸಿದ್ದರು.

ತಮಗೆ ಹೆಸರು ತಂದ ಮೂತಿಯನ್ನೇ ಕಿರಿಯರೆದುರು ತಪ್ಪೆಂದು ಒಪ್ಪುವುದು ಹುಡುಗಾಟವಲ್ಲ. ಸೋಮವಾರ ಎಲ್ಲರೂ ನೋಡುತ್ತಿದ್ದಂತೆ ಸಾಹೇಬರು ಜೇಡಿಮಣ್ಣಿನ ಮಾದರಿಯ ಮೂತಿಗೆ ಹಳದಿ ಚೀಟಿ ಅಂಟಿಸಿದರು. ಅದೇ ಹಳೆಯ ಒಕ್ಕಣೆ: "ತಪ್ಪು ನನ್ನದು."

ಮಾದರಿ ಕೆತ್ತುವ ಹಿರಿಯ ಕೆಲಸಗಾರ ಉಳಿ ಹಿಡಿದು ನಿಂತೇಬಿಟ್ಟ. "ಸಾರ್, ನಿಜವಾಗ್ಲೂ ಕೆತ್ತಲಾ? ಆಮೇಲೆ ಬೈಬಾರದು."

"ಬೈತೀನಿ. ನೀನು ಕೆತ್ತು."

ಮೂತಿ ಒಂದು ಗೇಣು ತಗ್ಗಿತು. ಸೀಟು ಏರಿಳಿಯುವುದನ್ನು ಕಲಿಯಿತು. ಬಾಗಿಲು ಒಂದೇ ಕೈಗೆ ತೆರೆದುಕೊಂಡಿತು. ಮುಂದಿನ ಭಾರ ಇಳಿದದ್ದರಿಂದ ಕಾರು ತಿರುವುಗಳಲ್ಲಿ ಹಳೆಯದರಂತೆ ಹಟ ಮಾಡದೆ, ಹೇಳಿದ ಕಡೆ ತಿರುಗಿತು. ಪರೀಕ್ಷಾ ಪಥದ ಒಂದು ಸುತ್ತಿಗೆ ಹಳೆಯ ಕಾರಿಗಿಂತ ನಾಲ್ಕು ಸೆಕೆಂಡು ಕಡಿಮೆ ಸಾಕಾಯಿತು. ಎಂಜಿನ್ ವಿಭಾಗದವರು ಆ ಕೀರ್ತಿ ತಮ್ಮದೆಂದು ಇಂದಿಗೂ ವಾದಿಸುತ್ತಾರೆ.

ಮೊನ್ನೆ ಆ ಪಥದಲ್ಲಿ ಶ್ರೀಮತಿಯವರು ಹೊಸ ಕಾರಿನಲ್ಲಿ ದಿಂಬಿಲ್ಲದೆ ಮೂರು ಸುತ್ತು ಹೊಡೆದು ಬಂದರು. ಸಾಹೇಬರು ಪರೀಕ್ಷೆ ಬರೆದ ವಿದ್ಯಾರ್ಥಿಯಂತೆ ಕಾರಿನ ಸುತ್ತ ಹುಡುಕಿದರು. ಒಂದೇ ಚೀಟಿಯಿತ್ತು: "ಪಕ್ಕದ ಸೀಟು ಗಟ್ಟಿ ಇರಬಹುದು. ನೀವು ಒಂದು ದಿನವೂ ಅಲ್ಲಿ ಕೂತಿಲ್ಲ."

ಸಾಹೇಬರು ಚೀಟಿಯನ್ನು ಜೇಬಿಗಿಟ್ಟು, ಕಾರನ್ನು ಸುತ್ತಿ ಹೋಗಿ, ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡರು. "ನಿಧಾನ ಹೋಗು" ಎಂದರು. ಆಕೆ ನಿಧಾನ ಹೋಗಲಿಲ್ಲ.

ಆ ಸೀಟಿನಲ್ಲಿ ಅವರು ನೂರು ವರ್ಷ ಸುಖವಾಗಿ ಕುಳಿತಿರಲಿ, ಕೂತಲ್ಲಿಂದಲೇ ನಮ್ಮ ತಪ್ಪುಗಳನ್ನು ಹುಡುಕುತ್ತಿರಲಿ. ಈ ಅಭಿನಂದನ ಗ್ರಂಥದೊಂದಿಗೆ ಅವರಿಗೆ ಒಂದು ಕಟ್ಟು ಹಳದಿ ಚೀಟಿ ಅರ್ಪಿಸುತ್ತಿದ್ದೇವೆ, ಶ್ರೀಮತಿಯವರಿಗೆ ಎರಡು.