ಫಾರಂ ಕೋಳಿ ಕೇಳಿ ಕೆಟ್ಟದ್ದು

ಮದುವೆಯಾಗಿ ಒಂಬತ್ತು ವರ್ಷಕ್ಕೆ ನಮ್ಮ ಮಗ ಸೊಸೆಗೆ ಹುಟ್ಟಿದ ಕೂಸು ನನ್ನ ಮೊಮ್ಮಗಳು. ಅವಳು ನಕ್ಕರೆ ಹಂಚಿನ ಮೇಲಿನ ರೊಟ್ಟಿ ಸೀದದ್ದೂ ನನಗೆ ತಿಳಿಯುವುದಿಲ್ಲ. ಅಂಥ ಕೂಸಿನ ತೂಕ ಕಡಿಮೆ ಇದೆ, ದಿನಾ ಒಂದು ತತ್ತಿ ತಿನ್ನಿಸಿರಿ ಎಂದು ಅಂಗನವಾಡಿಯ ಟೀಚರ್ ಹೇಳಿದಳು. ಅವತ್ತಿನಿಂದ ನನ್ನ ತಲೆಯಲ್ಲಿ ಬೇರೆ ಏನೂ ಇಲ್ಲ.

ನಮ್ಮ ಅತನೂರಿಗೆ ಬರುವ ತತ್ತಿ ಬಿಸಿಲಿಗೆ ಅರ್ಧ ಕೆಟ್ಟೇ ಇರುತ್ತದೆ. ಮನೆಯ ಜವಾರಿ ಕೋಳಿ ಒಂದಿಷ್ಟು ತತ್ತಿ ಇಟ್ಟು ಕಾವಿಗೆ ಕೂತುಬಿಟ್ಟಿತು. ಕೈ ಹಾಕಿದರೆ ಕುಕ್ಕುತ್ತಿತ್ತು. ನಾನು ಓದಿದ್ದು ಎರಡನೇ ಇಯತ್ತೆ. ಆದರೂ ವಿಚಾರ ಮಾಡಿದೆ: ಅಂಗಡಿಯ ಬಿಳಿ ತತ್ತಿಗೆ ಎಲ್ಲರೂ ಫಾರಂ ತತ್ತಿ ಅನ್ನುತ್ತಾರೆ, ಅಂದಮೇಲೆ ಅದನ್ನು ಇಡುವುದು ಫಾರಂ ಕೋಳಿ.

ಜೇವರ್ಗಿಯ ಕೋಳಿ ಬಜಾರಿಗೆ ಹೋಗಿ ನಾಲ್ಕು ಫಾರಂ ಕೋಳಿ ಕೇಳಿದೆ. ಕೊಯ್ದು ಕೊಡಲೇ ಎಂದ ಮಾರುವವನು. ಜೀವಂತ ಬೇಕು ಎಂದೆ. ರೆಕ್ಕೆ ಹಿಡಿದೆತ್ತಿ, ಎದೆ ಒತ್ತಿ, ಭಾರ ಇದ್ದವನ್ನೇ ಆರಿಸಿದೆ. ಬೀಗರು ಬಂದಾಗಲೆಲ್ಲ ಕೋಳಿ ಆರಿಸಿ ಕೈಗೆ ಬಂದ ರೂಢಿ ಅದು.

ಬುಟ್ಟಿಯಲ್ಲಿ ಹುಲ್ಲು ಹಾಸಿದೆ, ಜೋಳದ ನುಚ್ಚು ಹಾಕಿದೆ. ಅವು ತಿಂದವು, ಕುಡಿದವು, ನೆರಳಲ್ಲಿ ಕೂತವು. ಎದ್ದು ನಡೆಯಲಿಕ್ಕೂ ಬೇಸರ ಅವಕ್ಕೆ. ದಿನಾ ಬೆಳಗ್ಗೆ ಬುಟ್ಟಿಯಲ್ಲಿ ಕೈಯಾಡಿಸಿ, ಏನೂ ಸಿಗದೆ, ಆ ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸುತ್ತಿದ್ದೆ. ನಮ್ಮ ಯಜಮಾನರು ಕಟ್ಟೆಯ ಮೇಲೆ ಕೂತು, "ಎಲ್ಲಾ ತತ್ತಿ ಒಮ್ಮೆಲೇ ಇಡಬೇಕಂತ ಕೂಡಿಸಿ ಇಟ್ಕೊಳ್ಳಾಕತ್ತಾವ ಬೇ, ಹೊಟ್ಟಿ ನೋಡು," ಎಂದರು.

ಮೂರನೇ ವಾರ ಒಂದರ ಕಾಲೇ ಸೋತುಹೋಯಿತು. ಅದನ್ನು ಚೀಲದಲ್ಲಿ ಹಾಕಿಕೊಂಡು ಜೇವರ್ಗಿಗೆ ಹೋಗಿ ಜಗಳಕ್ಕೆ ನಿಂತೆ.

"ಆಯಿ, ಇವು ಬಾಯ್ಲರ್ ಅವ್ರಿ. ತಿನ್ನಾಕ ಬೆಳಸೋವು," ಎಂದ ಮಾರುವವನು. "ತತ್ತಿ ಇಡೋ ಫಾರಂ ಕೋಳಿ ಬ್ಯಾರೆನೇ ಇರ್ತಾವ. ನೀವು ತತ್ತಿ ಅಂತ ಬಾಯಿ ಬಿಟ್ಟಿದ್ರೇನು?"

ಬಿಟ್ಟಿರಲಿಲ್ಲ. ಅದಕ್ಕೇ ಇನ್ನಷ್ಟು ಉರಿ ಹತ್ತಿತು.

ಅಲ್ಲೇ ತತ್ತಿ ಇಡುವ ಹ್ಯಾಟಿಕೋಳಿ ಮಾರುತ್ತಿದ್ದ ಒಬ್ಬ ಹೆಂಗಸು ನನ್ನನ್ನು ಕರೆದಳು. ಒಂದು ಸಣಕಲು ಕೆಂಪು ಹ್ಯಾಟಿಯನ್ನು ಹಿಡಿದು, ಬಾಲದ ಕೆಳಗಿನ ಎರಡು ಎಲುಬಿನ ನಡುವೆ ನನ್ನ ಬೆರಳು ಇಡಿಸಿದಳು. ಮೂರು ಬೆರಳು ಹಿಡಿಸಿದವು. "ತತ್ತಿ ಬೇಕಂದ್ರ ಭಾರ ನೋಡಬ್ಯಾಡ್ರಿ. ಇಲ್ಲಿ ಜಾಗ ನೋಡ್ರಿ," ಎಂದಳು. ಇಷ್ಟು ವರ್ಷ ಕೋಳಿ ಸಾಕಿದ ನನಗೆ ಇದು ಗೊತ್ತಿರಲಿಲ್ಲ.

ಬಾಯ್ಲರ್ ಎಲ್ಲ ಸಾರಾದವು. ನಾಲ್ಕು ಹಲ್ಲಿನ ಕೂಸು ಸಾರಿನಲ್ಲಿ ಅದ್ದಿದ ಬೆರಳನ್ನಷ್ಟೇ ಚೀಪಿತು. ಕೊಂಡು ತಂದ ಕೆಂಪು ಹ್ಯಾಟಿ ಹೊಸ ಜಾಗಕ್ಕೆ ಬೆದರಿ ನಾಲ್ಕು ದಿನ ನನ್ನನ್ನು ಸತಾಯಿಸಿತು. ಐದನೇ ದಿನ ಒಂದು ತತ್ತಿ ಇಟ್ಟಿತು, ಬೆಚ್ಚಗಿನದು. ಓಡಿಹೋಗಿ ಮೊಮ್ಮಗಳ ಕೈಯಲ್ಲೇ ಇಟ್ಟೆ. ಅವಳು ಕೇಕೆ ಹಾಕಿ ನಕ್ಕು, ಚೆಂಡು ಅಂದುಕೊಂಡು ನೆಲದ ಬಂಡೆಗಲ್ಲಿನ ಮೇಲೆ ಎಸೆದಳು.

ಸೊಸೆ ಅರಿವೆ ತಂದು ಒರೆಸಿದಳು. ಮೊಮ್ಮಗಳು ಇನ್ನೊಂದು ಕೊಡು ಎಂದು ನನ್ನತ್ತ ಕೈ ಚಾಚಿದಳು. ನಾಳೆಯವರೆಗೆ ಇಲ್ಲ ಎಂದು ಆ ಮುಖಕ್ಕೆ ಹೇಗೆ ಹೇಳುವುದು?