ಡಾಲ್ಫಿನ್ ಮರಿಗೆ ತೂಬು ತೆಗೆಸಿದ ಚಿಕ್ಕಮ್ಮ

ಅರವತ್ತೆರಡು ವರ್ಷದ ನಮ್ಮ ಚಿಕ್ಕಮ್ಮ ಹೋದ ತಿಂಗಳು ಡಾಲ್ಫಿನ್ ಮರಿಯೊಂದನ್ನು ಗದರಿಸಿ ಮನೆಗೆ ಕಳಿಸಿದಳು.

ತಮಾಷೆಯಲ್ಲ ಸ್ವಾಮೀ. ನಾನೇ ಸಾಕ್ಷಿ. ಆ ಹೊತ್ತಿನಲ್ಲಿ ಸೊಂಟದವರೆಗೆ ಉಪ್ಪುನೀರಿನಲ್ಲಿ ನಿಂತಿದ್ದೆ. ಮಧುಗಿರಿಯ ಮಿಡ್ಲ್ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಮನುಷ್ಯ ಅಲ್ಲಿಗೇಕೆ ಹೋದ ಅಂತೀರಾ? ಹೇಳುತ್ತೇನೆ.

ಚಿಕ್ಕಮ್ಮನ ಹೆಸರು ಸಿದ್ಲಿಂಗಮ್ಮ. ತವರು ತೋವಿನಕೆರೆ. ಅವಳಪ್ಪ ಪಟೇಲರು. ಕೆರೆಯ ತೂಬು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎನ್ನುವುದು ಅವರ ಮಾತಿನ ಮೇಲೆ ನಡೆಯುತ್ತಿತ್ತು. ಹುಡುಗಿಯಾಗಿದ್ದಾಗಿನಿಂದ ಅಪ್ಪನ ಹಿಂದೆ ಏರಿಯ ಮೇಲೆ ಓಡಾಡಿದವಳಿಗೆ ನೀರಿನ ಗುಣ ಗೊತ್ತು. ಆದರೆ ಸಮುದ್ರ? ಕಂಡೇ ಇರಲಿಲ್ಲ.

“ಗೋಕರ್ಣದ ಈಸ್ವರನ್ನ ಒಂದ್ಸಲ ನೋಡ್ಬೇಕು ಕಣ್ಲಾ ರುದ್ರ,” ಅಂತ ಹತ್ತು ವರ್ಷದಿಂದ ಹೇಳುತ್ತಲೇ ಇದ್ದಳು. ಈ ಸಲ ರಜಾ ಸಿಕ್ಕಿತು. ಹೊರಟೆವು. ರೈಲು, ಬಸ್ಸು, ಮತ್ತೊಂದು ಬಸ್ಸು (ಅದರಲ್ಲಿ ನನ್ನ ಮಡಿಲಲ್ಲಿ ಯಾರದೋ ಹಲಸಿನಹಣ್ಣು), ಕೊನೆಗೆ ಅಘನಾಶಿನಿ ನದಿ ಸಮುದ್ರ ಸೇರುವ ಕಡೆ ದೋಣಿ.

ದೋಣಿ ನಡು ಹೊಳೆಗೆ ಬಂದಿತ್ತು. ಪಕ್ಕದಲ್ಲೇ ಯಾರೋ “ಫೂ!” ಅಂತ ಉಸಿರು ಬಿಟ್ಟರು.

ತಿರುಗಿ ನೋಡಿದರೆ ಮನುಷ್ಯರಲ್ಲ. ಬೂದು ಬಣ್ಣದ ನುಣ್ಣನೆಯ ಬೆನ್ನೊಂದು ಮೇಲೆದ್ದು, ಬಾಗಿ, ಮುಳುಗಿತು. ಅದರ ಹಿಂದೆ ಇನ್ನೊಂದು. ಮತ್ತೊಂದು! ಬೆನ್ನ ಮೇಲೆ ಒಂದು ಗೂನು ಬೇರೆ.

“ಹಂದಿಮೀನು ಅಮ್ಮಾ,” ಅಂದ ಅಂಬಿಗ.

“ಥೂ, ಹಂದಿ ಅನ್ಬ್ಯಾಡ ಬುಡು!” ಚಿಕ್ಕಮ್ಮ ದೋಣಿಯಲ್ಲೇ ಎದ್ದು ನಿಂತಳು. “ಹಿಣಿಲು ನೋಡ್ಲಾ ರುದ್ರ! ನಮ್ಮ ಬಸವಣ್ಣಂದು ಇದ್ದಂಗೇ ಐತೆ!”

ದೋಣಿ ಓಲಾಡಿತು. ಅಂಬಿಗ ಕೂಗಿದ. ನಾನು ಅವಳ ಸೆರಗು ಹಿಡಿದೆ. ಅವಳು ಮಾತ್ರ ಮದುವೆ ದಿಬ್ಬಣ ನೋಡಿದ ಮಗುವಿನ ಹಾಗೆ ಚಪ್ಪಾಳೆ ತಟ್ಟುತ್ತಿದ್ದಳು. ಆ ಪ್ರಾಣಿಗಳೋ, ನಾಲ್ಕೈದು ಸೇರಿ ಮೀನಿನ ಹಿಂಡನ್ನು ದಡದ ಕಡೆಗೆ ಅಟ್ಟುತ್ತಿದ್ದವು. ಒಂದು ಎಡಕ್ಕೆ, ಒಂದು ಬಲಕ್ಕೆ. ನಮ್ಮೂರ ಕುರಿಗಾರರು ನಾಚಬೇಕು! ಒಂದು ಮಾತ್ರ ಕೆಲಸಕ್ಕೆ ಸೇರಲಿಲ್ಲ. ದಡದ ಕಲ್ಲುಕಟ್ಟೆಯೊಂದರ ಹತ್ತಿರವೇ ಸುತ್ತುತ್ತಿತ್ತು.

“ಅದು ತಾಯಿ,” ಅಂದ ಅಂಬಿಗ. “ಅದರ ಮರಿ ಒಡೇರ ಹೊಂಡದಲ್ಲಿ ಉಂಟು.”

ಆ ಕಡಲತೀರದಲ್ಲಿ ಉಪ್ಪುನೀರಿನ ಗದ್ದೆಗಳಿಗೆ ಕಟ್ಟೆ ಕಟ್ಟಿ, ಹಲಗೆಯ ಬಾಗಿಲಿಟ್ಟು, ಮೀನು ಸಿಗಡಿ ಬೆಳೆಸುತ್ತಾರೆ. ಅಮಾವಾಸ್ಯೆಗೆ ಕಡಲು ಉಕ್ಕೇರುವ ದೊಡ್ಡ ಭರತದಲ್ಲಿ ಬಾಗಿಲು ತೆರೆದಿದ್ದಾಗ ಈ ಮರಿಯು ಮೀನುಗಳನ್ನು ಅಟ್ಟಿಸಿಕೊಂಡು ಒಳಗೆ ನುಗ್ಗಿದೆ. ಬಾಗಿಲು ಮುಚ್ಚಿದೆ. ಮೂರು ದಿನವಾಗಿದೆ.

ಈಶ್ವರ ಸ್ವಲ್ಪ ಕಾಯಲಿ ಅಂತ ಚಿಕ್ಕಮ್ಮ ತೀರ್ಮಾನಿಸಿದಳು. ಇಳಿದು ಹೋದೆವು.

ಹೊಂಡದ ಒಡೆಯರು ಕೆಟ್ಟವರೇನಲ್ಲ. ನಮ್ಮನ್ನು ನೋಡಿ ಖುಷಿಯಾದರು. ಕೋಟಿನ ಗುಂಡಿ ಹಾಕಿಕೊಂಡು, ತಮ್ಮ ಮಗನನ್ನು ತೋರಿಸುವವರಂತೆ ಮರಿಯನ್ನು ತೋರಿಸಿದರು. “ಇಲ್ಲೇ ಸಾಕುವುದು ಅಂತ ಮಾಡಿದ್ದೇನೆ. ನೋಡಿ, ಹ್ಯಾಗೆ ನಗ್ತದೆ!”

ನಗುತ್ತಿತ್ತು, ನಿಜ. ನನಗೂ ಹಾಗೇ ಕಂಡಿತು. ಅಮೆರಿಕದಲ್ಲೆಲ್ಲೋ ದೊಡ್ಡ ತೊಟ್ಟಿ ಕಟ್ಟಿ ಡಾಲ್ಫಿನ್ ಸಾಕಿ, ಟಿಕೆಟ್ ಇಟ್ಟು ತೋರಿಸುತ್ತಾರೆ ಅಂತ ಓದಿದ್ದೆ. ನನ್ನ ಜ್ಞಾನವನ್ನು ಒಡೆಯರ ಮುಂದೆ ಸುರಿದೆ. ಅವರು ಇನ್ನಷ್ಟು ಉಬ್ಬಿದರು. (ಮೇಷ್ಟ್ರುಗಳ ಬಾಯಿಗೆ ಯಾರಾದರೂ ಬೀಗ ಹಾಕಬಾರದೆ?)

ಚಿಕ್ಕಮ್ಮ ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಮೀನಿನ ವಾಸನೆಗೇ ಮೂಗು ಮುಚ್ಚುವವಳು ಒಂದು ಗಂಟೆ ಅಲ್ಲಾಡಲಿಲ್ಲ. ಮರಿ ಒಂದೇ ದಿಕ್ಕಿಗೆ, ಗೋಡೆ ಸವರಿಕೊಂಡು ಸುತ್ತುತ್ತಿತ್ತು. ಅದೇ ಮೂಲೆಯಲ್ಲಿ ಉಸಿರು. ಎಸೆದ ಮೀನುಗಳು ಹಾಗೇ ತೇಲುತ್ತಿದ್ದವು. ನೀರು ಕಡಿಮೆ, ಬಿಸಿಲು ಹೆಚ್ಚು. ಬೆನ್ನಿನ ಚರ್ಮ ಸುಲಿದಿತ್ತು.

“ಅದು ನಗ್ತಾ ಇಲ್ಲ ಕಣಪ್ಪ,” ಅಂದಳು ಕೊನೆಗೆ. “ಅದರ ಬಾಯಿರೋದೇ ಅಂಗೆ. ಗಾಣದೆತ್ತು ತಿರುಗ್ದಂಗೆ ತಿರುಗ್ತೈತೆ. ಒಂದು ತುತ್ತು ತಿಂದಿಲ್ಲ. ನಾಳೆ ನಾಳಿದ್ದು ಸತ್ತೋಯ್ತದೆ. ಬಾಗ್ಲು ತೆಗೆಸಪ್ಪ.”

“ತೆಗೆದರೆ ನನ್ನ ಮೀನೆಲ್ಲ ಹೊಳೆಗೆ ಹೋಗ್ತದಲ್ಲ ಅಮ್ಮಾ!”

ನಾನು ಚಿಕ್ಕಮ್ಮನ ಮುಖ ನೋಡಿದೆ. ಪಟೇಲರ ಮಗಳು ಎದ್ದು ನಿಂತಿದ್ದಳು.

“ಈಗ್ಲೇ ತೆಗಿ ಅಂದ್ನಾ? ಆಚೆ ನೀರು ಏರ್ತಾ ಐತೆ. ಒಳಗಿನ ನೀರು, ಆಚೆ ನೀರು ಸಮ ಆಗ್ಲಿ. ಆವಾಗ ಸೆಳವು ಇರಕ್ಕಿಲ್ಲ. ನಿನ್ನ ಮೀನಿಗೆ ಅಡ್ಡ ಬಲೆ ಹಿಡಿ. ಮರಿ ಬಾಗ್ಲತ್ರ ಬಂದಾಗ ಬಲೆ ಎತ್ತು. ಆಟೇಯ.”

ಒಡೆಯರು ಬಾಯಿ ತೆರೆದರು. ಬಲೆ ಹಿಡಿಯುವ ಅವರ ಆಳುಗಳು ತಲೆಯಾಡಿಸಿದರು. “ಅಮ್ಮ ಹೇಳಿದ್ದು ಸರಿ ಉಂಟು,” ಅಂದುಬಿಟ್ಟರು! ಒಡೆಯರು ಹೊಂಡ ನೋಡಿದರು, ಮರಿ ನೋಡಿದರು, ನಿಟ್ಟುಸಿರು ಬಿಟ್ಟರು. “ತೆಗೀರಿ.”

ನೀರು ಸಮವಾಯಿತು. ನಾಲ್ಕು ಹಲಗೆಗಳೂ ಮೇಲೆ ಬಂದವು. ಆಳುಗಳು ಬಾಗಿಲಿಗೆ ಅಡ್ಡ ಬಲೆ ಹಿಡಿದು, ಮರಿ ಹತ್ತಿರ ಬಂದೊಡನೆ ಎತ್ತಿದರು. ಮರಿ ಬಾಗಿಲವರೆಗೆ ಬಂತು... ತಿರುಗಿ ಓಡಿತು. ಮತ್ತೆ ಬಂತು. ಮತ್ತೆ ಓಡಿತು. ತೆರೆದ ಬಾಗಿಲಿಗೇ ಹೆದರಿಕೆ! ಮೂರೇ ದಿನಕ್ಕೆ ಇಷ್ಟೊಂದು ಅಭ್ಯಾಸವೇ?

ಆಗ ಚಿಕ್ಕಮ್ಮ ಕೊರಳ ಲಿಂಗದ ಕರಡಿಗೆಯನ್ನು ಬೆನ್ನಿಗೆ ತಿರುಗಿಸಿ, ಸೀರೆ ಕಚ್ಚೆ ಬಿಗಿದು, ದಡಬಡ ನೀರಿಗಿಳಿದಳು. “ಚಿಕ್ಕಮ್ಮಾ!” ಅಂತ ನಾನೂ ಧುಮುಕಿದೆ. ಪಂಚೆ ಮೇಲಕ್ಕೆ ತೇಲಿತು. (ಮುಂದಿನ ವಿವರ ಬೇಡ.)

ಮರಿಯ ಹಿಂದೆ ನಿಂತು ಅಂಗೈಯಿಂದ ನೀರು ಬಡಿಯತೊಡಗಿದಳು. “ಹೋಯ್! ಹೋಗ್ಲಾ! ಅವ್ವ ಕಾಯ್ತಾವ್ಳೆ, ಹೋಗು! ಇಲ್ಲೇನೈತೆ ನಿಂಗೆ?” ಥೇಟು ದೊಡ್ಡಿಗೆ ಹೋಗದ ಎಮ್ಮೆಗರುವನ್ನು ಗದರಿಸುವ ದನಿ.

ಅಷ್ಟರಲ್ಲಿ ಬಾಗಿಲಾಚೆ “ಫೂ!” ತಾಯಿ ಬಂದಿತ್ತು. ಸಣ್ಣಗೆ ಸಿಳ್ಳೆ ಕೇಳಿಸಿತು. ಒಳಗಿನಿಂದಲೂ ಸಿಳ್ಳೆ.

ಮರಿ ಚಿಕ್ಕಮ್ಮನ ಮೊಣಕಾಲು ಸವರಿ, ಬಾಣದ ಹಾಗೆ ನುಗ್ಗಿತು. ಬಾಲದ ಏಟಿಗೆ ಒಡೆಯರ ಕೋಟು ರುಮಾಲು ಎಲ್ಲ ಒದ್ದೆ! ಒಂದು ಕ್ಷಣ ಏನೂ ಕಾಣಲಿಲ್ಲ. ಆಮೇಲೆ ದೂರದಲ್ಲಿ ಎರಡು ಬೆನ್ನು, ಒಂದು ದೊಡ್ಡದು, ಒಂದು ಸಣ್ಣದು, ಜೊತೆಯಾಗಿ ಎದ್ದವು. ಸಣ್ಣದು ನೀರಿನಿಂದ ಪೂರ್ತಿ ಮೇಲಕ್ಕೆ ಹಾರಿತು. ಹೊಂಡದಲ್ಲಿ ಒಮ್ಮೆಯೂ ಹಾರದ ಪ್ರಾಣಿ!

ಆಳುಗಳು ಕೇಕೆ ಹಾಕಿದರು. ಒಡೆಯರೂ ಒದ್ದೆ ರುಮಾಲು ಬೀಸಿ ಕೂಗಿದರು. ಚಿಕ್ಕಮ್ಮ ಮೂಗಿನಲ್ಲಿ ಉಪ್ಪುನೀರು ಸುರಿಸುತ್ತ ನಕ್ಕಳು, ನಕ್ಕಳು, ದಡ ಹತ್ತಲಾರದಷ್ಟು ನಕ್ಕಳು. ಅವಳನ್ನು ಎತ್ತಲು ಹೋದ ನಾನೂ ನಕ್ಕು ಕೆಸರಿಗೆ ಬಿದ್ದೆ.

ಈಶ್ವರನ ದರ್ಶನ ಮುಗಿಸಿ ಹಿಂತಿರುಗುವಾಗ ಶಿರಾದಲ್ಲಿ, ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ನಮ್ಮ ಬಸ್ಸು ಹೊಗೆಯುಗುಳಿ ನಿಂತಿತು. ಚಿಕ್ಕಮ್ಮನಿಗೆ ಅಷ್ಟೇ ಸಾಕಾಗಿತ್ತು. ಇಡೀ ಬಸ್ಸಿಗೆ ಕತೆ ಹೇಳಿದಳು. ಕಡಲೆಕಾಯಿ ವ್ಯಾಪಾರದ ಸಾಹೇಬರೊಬ್ಬರು ಕಣ್ಣರಳಿಸಿ ಕೇಳಿದರು: “ವಾಹ್ ಅಮ್ಮಾ! ಅದು ತಿರುಗಿ ಬಂದು ನಿಮಗೆ ಶುಕ್ರಿಯಾ ಹೇಳ್ತಾ?”

“ಅದ್ಯಾಕೆ ಹೇಳ್ತದೆ ಸಾಬ್ರೆ? ಅದರ ಮನೆಗೆ ಅದು ಹೋಯ್ತು!”

ಬಸ್ಸಿಗೆ ಬಸ್ಸೇ ನಕ್ಕಿತು.

ಮೊನ್ನೆ ಪತ್ರಿಕೆ ಓದುತ್ತಿದ್ದೆ. ಬಿಳಿಯರು ದೇಶ ಬಿಟ್ಟು ಹೊರಡುತ್ತಾರಲ್ಲ, ಅವರ ಈ ದೊಡ್ಡ ಮನಸ್ಸಿಗೆ ನಾವೆಲ್ಲ ಚಿರಋಣಿಗಳಾಗಿರಬೇಕು ಅಂತ ಯಾರೋ ದೊಡ್ಡ ಮನುಷ್ಯರು ಭಾಷಣ ಮಾಡಿದ್ದರು. ಚಿಕ್ಕಮ್ಮನಿಗೂ ಓದಿ ಹೇಳಿದೆ.

ಅವರೆಕಾಯಿ ಸುಲಿಯುತ್ತಿದ್ದವಳು ತಲೆಯೆತ್ತದೆ ಕೇಳಿದಳು: “ಬಾಗ್ಲು ಹಾಕಿದ್ದು ಯಾರಂತೆ?”